ಹದಿಮೂರು ಡಿಗ್ರಿ ಚಳಿ ಮತ್ತು ಆಲ್ಫ್ರೆಡ್ ನೊಬೆಲ್

ಅಕ್ಟೋಬರ್ ಬಂತೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ನೊಬೆಲ್ ಪುರಸ್ಕೃತರ ಪಟ್ಟಿಯನ್ನು ಬಾಯಿಪಾಠ ಮಾಡಲು ಶುರು ಮಾಡುತ್ತಾರೆ. ಡೈನಮೈಟ್ ಕಂಡುಹಿಡಿದವರು ಯಾರು ಎಂಬ ಪ್ರಶ್ನೆ ಬಂದರೆ ಉತ್ತರಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ನಾನು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಈ ಸೆಮಿಸ್ಟರ್‌ನಲ್ಲಿ ರಾಸಾಯನಿಕಗಳ ಸುರಕ್ಷಿತ ಸಾಗಾಟ ಮತ್ತು ದಾಸ್ತಾನಿನ ಬಗ್ಗೆ ಓದುವಾಗ ನೊಬೆಲ್ ಅವರ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಪ್ರಶಸ್ತಿಗಿಂತಲೂ, ಡೈನಮೈಟ್‌ಗಿಂತಲೂ ಹೆಚ್ಚಾಗಿ ನನ್ನ ತಲೆಯಲ್ಲಿ ಉಳಿದದ್ದು ಒಂದು ಸಣ್ಣ ಅಂಕಿ: 13.

ಚಳಿಗಾಲದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಅಮ್ಮ ಬಾಟಲಿಯನ್ನು ಬಿಸಿಲಿಗೆ ಇಡುತ್ತಾರೆ, ಇಲ್ಲವೇ ಬಚ್ಚಲೊಲೆಯ ಪಕ್ಕ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಎಣ್ಣೆ ಕರಗುತ್ತದೆ. ಅದರಲ್ಲಿ ಯಾರಿಗೂ ಭಯವಿಲ್ಲ. ನೈಟ್ರೊಗ್ಲಿಸರಿನ್ ಕೂಡ ನೋಡಲು ಎಣ್ಣೆಯಂಥದ್ದೇ ದ್ರವ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ಅದು ಗಟ್ಟಿಯಾಗುತ್ತದೆ. ಅದನ್ನೂ ಹೀಗೆಯೇ ಒಲೆಯ ಪಕ್ಕ ಇಟ್ಟು ಕರಗಿಸಲು ಹೋದ ಎಷ್ಟೋ ಕಾರ್ಮಿಕರು ಬದುಕಿ ಉಳಿಯಲಿಲ್ಲ. ನೊಬೆಲ್ ಅವರ ಬದುಕಿನ ಬಹುಭಾಗ ಈ ಎಣ್ಣೆಯನ್ನು ತಯಾರಿಸುವುದಕ್ಕಿಂತ ಹೆಚ್ಚಾಗಿ, ಅದನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸುರಕ್ಷಿತವಾಗಿ ತಲುಪಿಸುವ ದಾರಿ ಹುಡುಕುವುದರಲ್ಲೇ ಕಳೆಯಿತು.

ದಿವಾಳಿಯ ಮನೆಯಲ್ಲಿ ಹುಟ್ಟಿದ ಹುಡುಗ

ಆಲ್ಫ್ರೆಡ್ ನೊಬೆಲ್ ಹುಟ್ಟಿದ್ದು 1833ರ ಅಕ್ಟೋಬರ್ 21ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ತಂದೆ ಇಮ್ಯಾನುಯೆಲ್ ಎಂಜಿನಿಯರ್ ಮತ್ತು ಕಟ್ಟಡ ನಿರ್ಮಾಣಗಾರ. ಮಗ ಹುಟ್ಟುವ ಹೊತ್ತಿಗೆ ಅವರ ವ್ಯವಹಾರ ಮುಳುಗಿತ್ತು. ಕೆಲ ವರ್ಷಗಳ ನಂತರ ತಂದೆ ಅದೃಷ್ಟ ಅರಸಿ ರಷ್ಯಾಕ್ಕೆ ಹೋದರು. ತಾಯಿ ಆಂಡ್ರಿಯೆಟ್ ಸ್ಟಾಕ್‌ಹೋಮ್‌ನಲ್ಲಿ ದಿನಸಿ ಅಂಗಡಿ ನಡೆಸಿ ಮಕ್ಕಳನ್ನು ಸಾಕಿದರು. 1842ರಲ್ಲಿ ಇಡೀ ಕುಟುಂಬ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ತಂದೆಯನ್ನು ಸೇರಿಕೊಂಡಿತು.

ಆಲ್ಫ್ರೆಡ್ ಶಾಲೆಗೆ ಹೋದದ್ದು ಹೆಚ್ಚೂಕಡಿಮೆ ಒಂದೇ ವರ್ಷ. ಉಳಿದ ಪಾಠವೆಲ್ಲ ಮನೆಗೆ ಬರುತ್ತಿದ್ದ ಮೇಷ್ಟ್ರುಗಳಿಂದ. ಹದಿನೇಳನೇ ವಯಸ್ಸಿಗೆ ಸ್ವೀಡಿಷ್, ರಷ್ಯನ್, ಫ್ರೆಂಚ್, ಇಂಗ್ಲಿಷ್, ಜರ್ಮನ್ ಐದೂ ಭಾಷೆಗಳು ಅವರಿಗೆ ಬರುತ್ತಿದ್ದವು. ಪದವಿ ಎಂಬುದು ಅವರ ಬಳಿ ಇರಲೇ ಇಲ್ಲ. ಪ್ಯಾರಿಸ್‌ನಲ್ಲಿ ಪೆಲೂಜ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಕೆಲ ಕಾಲ ಕಲಿತರು. ಅದೇ ಪೆಲೂಜ್ ಅವರ ಶಿಷ್ಯ, ಇಟಲಿಯ ಆಸ್ಕಾನಿಯೊ ಸೊಬ್ರೆರೊ ನೈಟ್ರೊಗ್ಲಿಸರಿನ್ ಅನ್ನು ಮೊದಲು ತಯಾರಿಸಿದವರು. 1847ರಲ್ಲಿ ಟ್ಯೂರಿನ್‌ನಲ್ಲಿ ಅದನ್ನು ಪ್ರಕಟಿಸಿದರು. ಪ್ರಯೋಗದ ವೇಳೆ ನಡೆದ ಸ್ಫೋಟದಲ್ಲಿ ಅವರ ಮುಖಕ್ಕೇ ಗಾಯವಾಗಿತ್ತು. ಇದು ಮನುಷ್ಯನ ಬಳಕೆಗೆ ತಕ್ಕ ವಸ್ತುವಲ್ಲ ಎಂದು ಸೊಬ್ರೆರೊ ಅದರಿಂದ ದೂರ ಉಳಿದರು.

ಪೀಟರ್ಸ್‌ಬರ್ಗ್‌ನಲ್ಲಿ ನೊಬೆಲ್ ಅವರ ಗುರುವಾಗಿದ್ದ ನಿಕೊಲಾಯ್ ಜಿನಿನ್, ಈ ಎಣ್ಣೆಯ ಒಂದು ಹನಿಯನ್ನು ಸುತ್ತಿಗೆಯಿಂದ ಬಡಿದು ತೋರಿಸಿದ್ದರು. ಸುತ್ತಿಗೆ ಬಿದ್ದ ಕಡೆ ಮಾತ್ರ ಸಿಡಿಯಿತು, ಸುತ್ತ ಇದ್ದದ್ದು ಹಾಗೆಯೇ ಉಳಿಯಿತು. ಬೇಕಾದಾಗ ಪೂರ್ತಿ ಸಿಡಿಯಬೇಕು, ಬೇಡವಾದಾಗ ಸಿಡಿಯಲೇಬಾರದು. ನೊಬೆಲ್ ಅವರ ಮುಂದಿನ ಬದುಕಿನ ಲೆಕ್ಕ ಇಷ್ಟೇ. ಮೊದಲ ಅರ್ಧಕ್ಕೆ ಉತ್ತರ ಬೇಗ ಸಿಕ್ಕಿತು. 1863ರಲ್ಲಿ ಅವರು ಎಣ್ಣೆಯನ್ನು ಸಿಡಿಸಲು ಸಣ್ಣದೊಂದು ಆರಂಭಿಕ ಸ್ಫೋಟವನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿನ ಡಿಟೊನೇಟರ್‌ಗಳ ಮೂಲ ಅದೇ. ಎರಡನೇ ಅರ್ಧ ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ನನ್ನದೇ ವಯಸ್ಸಿನ ಎಮಿಲ್

ತಂದೆಯ ಕಾರ್ಖಾನೆ ರಷ್ಯಾದಲ್ಲೂ ದಿವಾಳಿಯಾಯಿತು. ತಂದೆತಾಯಿ ಸ್ಟಾಕ್‌ಹೋಮ್‌ಗೆ ಮರಳಿದರು, ಆಲ್ಫ್ರೆಡ್ ಕೂಡ 1863ರಲ್ಲಿ ಹಿಂದಿರುಗಿದರು. ಹೆಲೆನೆಬೊರ್ಗ್ ಎಂಬಲ್ಲಿ ಮನೆಯ ಪಕ್ಕದ ಶೆಡ್ಡಿನಲ್ಲೇ ನೈಟ್ರೊಗ್ಲಿಸರಿನ್ ತಯಾರಿ ಶುರುವಾಯಿತು. 1864ರ ಸೆಪ್ಟೆಂಬರ್ 3ರಂದು ಆ ಶೆಡ್ ಸ್ಫೋಟಗೊಂಡಿತು. ಸತ್ತವರಲ್ಲಿ ನೊಬೆಲ್ ಅವರ ಕಿರಿಯ ತಮ್ಮ ಎಮಿಲ್ ಕೂಡ ಇದ್ದ. ಅವನಿಗೆ ಆಗ 20 ವರ್ಷ.

ನನಗೂ ಈಗ 20. ಲ್ಯಾಬ್‌ನಲ್ಲಿ ಬ್ಯುರೆಟ್ ಹಿಡಿದು ನಿಲ್ಲುವ ನನ್ನ ಸಹಪಾಠಿಗಳಿಗೂ ಅಷ್ಟೇ ವಯಸ್ಸು. ಈ ಒಂದು ಸಾಲನ್ನು ಓದಿದ ಮೇಲೆ ಪುಸ್ತಕದಲ್ಲಿನ ಸುರಕ್ಷತಾ ಅಧ್ಯಾಯ ನನಗೆ ಅಂಕಗಳ ಲೆಕ್ಕದಲ್ಲಿ ಕಾಣಲಿಲ್ಲ.

ಕೆಲವೇ ತಿಂಗಳಲ್ಲಿ ತಂದೆ ಪಾರ್ಶ್ವವಾಯುವಿಗೆ ತುತ್ತಾದರು. ನಗರದೊಳಗೆ ಈ ಎಣ್ಣೆ ತಯಾರಿಸಬಾರದು ಎಂದು ಆಡಳಿತ ಆದೇಶಿಸಿತು. ನೊಬೆಲ್ ಕೆಲಸ ನಿಲ್ಲಿಸಲಿಲ್ಲ. ಮ್ಯಾಲರೆನ್ ಸರೋವರದಲ್ಲಿ ಲಂಗರು ಹಾಕಿದ ದೋಣಿಯೊಂದರ ಮೇಲೆ ತಯಾರಿ ಮುಂದುವರಿಸಿದರು. ಅದೇ ವರ್ಷದ ಕೊನೆಯ ವೇಳೆಗೆ ಕಂಪನಿಯನ್ನೂ ಕಟ್ಟಿದರು. 1865ರಲ್ಲಿ ವಿಂಟರ್‌ವಿಕೆನ್‌ನಲ್ಲಿ ಕಾರ್ಖಾನೆ ಆರಂಭವಾಯಿತು. ತಮ್ಮನನ್ನು ಕಳೆದುಕೊಂಡ ಮನುಷ್ಯ ಅದೇ ಎಣ್ಣೆಯನ್ನು ಇನ್ನಷ್ಟು ತಯಾರಿಸಿದ್ದು ಛಲವೋ ಮೊಂಡುತನವೋ, ಓದುತ್ತಾ ಹೋದಂತೆ ನನಗೆ ಎರಡೂ ಅನ್ನಿಸಿತು. ರೈಲು ಮಾರ್ಗಗಳಿಗೆ ಬಂಡೆ ಒಡೆಯಬೇಕಿತ್ತು, ಗಣಿಗಳು ಆಳಕ್ಕೆ ಇಳಿಯಬೇಕಿತ್ತು. ಕಪ್ಪು ಮದ್ದಿನಿಂದ ತಿಂಗಳುಗಟ್ಟಲೆ ಆಗುತ್ತಿದ್ದ ಕೆಲಸ ಈ ಎಣ್ಣೆಯಿಂದ ಬೇಗ ಮುಗಿಯುತ್ತಿತ್ತು. ಬೇಡಿಕೆ ದೇಶ ದೇಶಗಳಿಂದ ಬಂತು.

ಡಬ್ಬಿಯಲ್ಲಿ ಹೊರಟ ಎಣ್ಣೆ

ಬೇಡಿಕೆ ಬಂದ ಮೇಲೆ ಎಣ್ಣೆ ಹೊರಡಲೇಬೇಕು. ಲೋಹದ ಡಬ್ಬಿಗೆ ಎಣ್ಣೆ ತುಂಬಿ, ಮರದ ಪೆಟ್ಟಿಗೆಯಲ್ಲಿಟ್ಟು, ಸುತ್ತ ಮರದ ಹೊಟ್ಟು ತುಂಬಿ ಹಡಗಿಗೆ ಹಾಕುತ್ತಿದ್ದರು. ದಾರಿಯಲ್ಲಿ ಡಬ್ಬಿ ಸೋರುತ್ತಿತ್ತು. ಸೋರಿದ ಎಣ್ಣೆಯನ್ನು ಗಾಡಿಯ ಗಾಲಿಗೆ ಹಚ್ಚಿದವರಿದ್ದರು, ಬೂಟಿಗೆ ಹಚ್ಚಿ ಹೊಳಪು ಬರಿಸಿದವರಿದ್ದರು, ದೀಪಕ್ಕೆ ಹಾಕಿದವರೂ ಇದ್ದರು ಎಂಬ ಪ್ರಸಂಗಗಳು ಅವರ ಜೀವನಚರಿತ್ರೆಗಳಲ್ಲಿ ಬರುತ್ತವೆ. ಅವರು ದಡ್ಡರಲ್ಲ. ಪೆಟ್ಟಿಗೆಯಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

1866ರ ಏಪ್ರಿಲ್‌ನಲ್ಲಿ ಇದರ ಬೆಲೆ ಏನೆಂದು ಜಗತ್ತಿಗೆ ಗೊತ್ತಾಯಿತು. ಏಪ್ರಿಲ್ 3ರಂದು ಪನಾಮಾದ ಆಸ್ಪಿನ್‌ವಾಲ್ ಬಂದರಿನಲ್ಲಿ ‘ಯುರೋಪಿಯನ್’ ಎಂಬ ಹಡಗು ಸಿಡಿದು ಹತ್ತಾರು ಜನ ಸತ್ತರು. ಎರಡು ವಾರವೂ ಆಗಿರಲಿಲ್ಲ, ಏಪ್ರಿಲ್ 16ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಾಗಾಟ ಕಚೇರಿಯೊಂದರ ಅಂಗಳದಲ್ಲಿ, ಸೋರುತ್ತಿದ್ದ ಪೆಟ್ಟಿಗೆಯನ್ನು ತೆರೆಯಲು ಹೋದಾಗ ಮತ್ತೊಂದು ಸ್ಫೋಟ ಸಂಭವಿಸಿತು. ಪೆಟ್ಟಿಗೆಯೊಳಗಿನ ಎಣ್ಣೆ ಎಂಥದ್ದು ಎಂಬುದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಅದೇ ದಿನಗಳಲ್ಲಿ ನೊಬೆಲ್ ನ್ಯೂಯಾರ್ಕ್‌ಗೆ ಬಂದಿಳಿದಿದ್ದರು. ಸರಿಯಾಗಿ ಬಳಸಿದರೆ ಎಣ್ಣೆ ಅಪಾಯಕಾರಿಯಲ್ಲ ಎಂದು ಕಲ್ಲು ಕ್ವಾರಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಜನ ನಂಬುವ ಸ್ಥಿತಿಯಲ್ಲಿರಲಿಲ್ಲ. ಜುಲೈ ಹೊತ್ತಿಗೆ ನೈಟ್ರೊಗ್ಲಿಸರಿನ್ ಸಾಗಾಟವನ್ನು ನಿಯಂತ್ರಿಸುವ ಕಾನೂನು ಅಮೆರಿಕದಲ್ಲಿ ಬಂತು. ಸಿಯೆರಾ ನೆವಾಡ ಪರ್ವತದಲ್ಲಿ ಸುರಂಗ ಕೊರೆಯುತ್ತಿದ್ದ ಸೆಂಟ್ರಲ್ ಪೆಸಿಫಿಕ್ ರೈಲ್ವೆಯವರು, ಎಣ್ಣೆಯನ್ನು ದೂರದಿಂದ ತರುವ ಗೋಜೇ ಬೇಡವೆಂದು ಸುರಂಗದ ಬಳಿಯಲ್ಲೇ ತಯಾರಿಸಿಕೊಂಡರು.

ನೊಬೆಲ್ ಹುಡುಕಿದ ಮೊದಲ ಪರಿಹಾರ ಎಣ್ಣೆಯನ್ನು ಮೆಥನಾಲ್‌ನಲ್ಲಿ ಕರಗಿಸಿ ಕಳುಹಿಸುವುದು. ಹಾಗೆ ಕರಗಿಸಿದಾಗ ಅದು ಸಿಡಿಯುತ್ತಿರಲಿಲ್ಲ. ತಲುಪಿದ ಜಾಗದಲ್ಲಿ ನೀರು ಬೆರೆಸಿದರೆ ಎಣ್ಣೆ ಬೇರ್ಪಟ್ಟು ತಳಕ್ಕೆ ಇಳಿಯುತ್ತಿತ್ತು. ಕಾಗದದ ಮೇಲೆ ಒಳ್ಳೆಯ ಉಪಾಯವೇ. ಆದರೆ ಮೆಥನಾಲ್ ಬೇಗ ಆವಿಯಾಗುವ ದ್ರವ. ಮುಚ್ಚಳ ಸಡಿಲವಿದ್ದ ಡಬ್ಬಿಯಿಂದ ಅದು ಹಾರಿಹೋದರೆ ತಳದಲ್ಲಿ ಉಳಿಯುವುದು ಮತ್ತದೇ ಎಣ್ಣೆ. ಹೊರಗಿನ ಚೀಟಿ ಮಾತ್ರ ಒಳಗಿರುವುದು ಸುರಕ್ಷಿತ ಎಂದು ಹೇಳುತ್ತಲೇ ಇರುತ್ತದೆ.

ಚಳಿ ಮಿತ್ರನೂ ಹೌದು, ಶತ್ರುವೂ ಹೌದು

ಈ ಕಥೆಯಲ್ಲಿ ಚಳಿಯ ಪಾತ್ರ ವಿಚಿತ್ರವಾದದ್ದು. ತಯಾರಿಸುವಾಗ ಚಳಿಯೇ ಕಾಪಾಡುವುದು. ಗ್ಲಿಸರಿನ್ ಮತ್ತು ಆಮ್ಲಗಳು ಸೇರುವಾಗ ಶಾಖ ಹುಟ್ಟುತ್ತದೆ. ಆ ಶಾಖವನ್ನು ತಣ್ಣೀರಿನಿಂದ ತೆಗೆಯುತ್ತಲೇ ಇರಬೇಕು. ನೊಬೆಲ್ 1871ರಲ್ಲಿ ಸ್ಕಾಟ್ಲೆಂಡಿನ ಆರ್ಡೀರ್‌ನಲ್ಲಿ ಆರಂಭಿಸಿದ ಕಾರ್ಖಾನೆಯಲ್ಲಿ ಥರ್ಮಾಮೀಟರ್ ಕಾಯುವವನಿಗೆ ಒಂದೇ ಕಾಲಿನ ಸ್ಟೂಲ್ ಕೊಡುತ್ತಿದ್ದರು. ತೂಕಡಿಸಿದರೆ ಬಿದ್ದು ಎಚ್ಚರವಾಗಲಿ ಎಂದು!

ಆದರೆ ಕಾರ್ಖಾನೆಯ ಗೇಟು ದಾಟಿದ ಮೇಲೆ ಅದೇ ಚಳಿ ವೈರಿಯಾಗುತ್ತಿತ್ತು. ಸ್ವೀಡನ್, ಜರ್ಮನಿ, ಸ್ಕಾಟ್ಲೆಂಡ್‌ಗಳಲ್ಲಿ 13 ಡಿಗ್ರಿ ಎಂದರೆ ಚಳಿಗಾಲವೇ ಬರಬೇಕಿಲ್ಲ, ಮಳೆ ಬಂದ ದಿನವೂ ಸಾಕು. ಗೋದಾಮಿನಲ್ಲಿಟ್ಟ ಎಣ್ಣೆ ರಾತ್ರೋರಾತ್ರಿ ಗಟ್ಟಿಯಾಗುತ್ತಿತ್ತು. ಪೂರ್ತಿ ಗಟ್ಟಿಯಾದ ಎಣ್ಣೆ ಡಿಟೊನೇಟರ್‌ಗೂ ಸರಿಯಾಗಿ ಬಗ್ಗುತ್ತಿರಲಿಲ್ಲ. ಅಮೆರಿಕದ ಹೂಸಕ್ ಸುರಂಗಕ್ಕೆ ಎಣ್ಣೆ ಒದಗಿಸುತ್ತಿದ್ದ ಜಾರ್ಜ್ ಮೌಬ್ರೆ ಇದನ್ನು ಗಮನಿಸಿ, ಹೆಪ್ಪುಗಟ್ಟಿಸಿಯೇ ಸಾಗಿಸುತ್ತಿದ್ದರು. ನಿಜವಾದ ಅಪಾಯ ಇದ್ದದ್ದು ನಡುವಿನ ಸ್ಥಿತಿಯಲ್ಲಿ. ಅರ್ಧ ಹರಳು, ಅರ್ಧ ದ್ರವವಾಗಿರುವಾಗ ಹರಳುಗಳು ಒಂದಕ್ಕೊಂದು ಉಜ್ಜುತ್ತವೆ. ಕೆಲಸದ ಅವಸರದಲ್ಲಿರುವ ಕಾರ್ಮಿಕ ಅದನ್ನು ಗುದ್ದಲಿಯಿಂದ ಒಡೆಯುತ್ತಾನೆ, ಇಲ್ಲವೇ ಒಲೆಯ ಮೇಲಿಡುತ್ತಾನೆ. ಅವನ ಕಣ್ಣಿಗೆ ಅದು ಗಟ್ಟಿಯಾದ ಎಣ್ಣೆ, ಅಷ್ಟೇ.

1866ರಲ್ಲಿ ಜರ್ಮನಿಯ ಕ್ರುಮ್ಮೆಲ್‌ನಲ್ಲಿದ್ದ ನೊಬೆಲ್ ಅವರ ಕಾರ್ಖಾನೆಯೂ ಸಿಡಿಯಿತು. ಅವರು ಎಲ್ಬೆ ನದಿಯಲ್ಲಿ ತೆಪ್ಪವೊಂದರ ಮೇಲೆ ಪ್ರಯೋಗ ಮುಂದುವರಿಸಿದರು. ಕೀಸೆಲ್‌ಗೂರ್ ಎಂಬ, ಸೂಕ್ಷ್ಮರಂಧ್ರಗಳಿರುವ ಹಗುರ ಮಣ್ಣು ಎಣ್ಣೆಯನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತಿತ್ತು. ಮೂರು ಪಾಲು ಎಣ್ಣೆಗೆ ಒಂದು ಪಾಲು ಮಣ್ಣು. ಹಿಟ್ಟಿನಂತೆ ನಾದಿ ಕಡ್ಡಿಯಂತೆ ಹೊಸೆದು ಕಾಗದದಲ್ಲಿ ಸುತ್ತಬಹುದು. ಬಿದ್ದರೂ ಸಿಡಿಯದು, ಸೋರದು. 1867ರಲ್ಲಿ ಪೇಟೆಂಟ್ ಪಡೆದ ಈ ವಸ್ತುವೇ ಡೈನಮೈಟ್. ಎಣ್ಣೆಯ ಶಕ್ತಿಯನ್ನು ಅವರು ಹೆಚ್ಚಿಸಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ತಗ್ಗಿಸಿದರು. ನಾನು ಓದಿದಂತೆ ಡೈನಮೈಟ್ ಮೂಲತಃ ಒಂದು ಪ್ಯಾಕಿಂಗ್ ಆವಿಷ್ಕಾರ!

ಆದರೂ ಚಳಿ ಸೋಲಲಿಲ್ಲ. ಮಣ್ಣಿನೊಳಗಿದ್ದರೂ ಎಣ್ಣೆ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟಿ ಕರಗುವಾಗ ಬೆವರಿನಂತೆ ಹೊರಗೆ ಜಿನುಗುತ್ತಿತ್ತು. ಗಣಿಗಳಲ್ಲಿ ಡೈನಮೈಟ್ ಕರಗಿಸಲೆಂದೇ ಎರಡು ಗೋಡೆಯ ಪಾತ್ರೆಗಳು ಬಂದವು. ಹೊರಗೋಡೆಯ ಒಳಗೆ ಬೆಚ್ಚಗಿನ ನೀರು, ಒಳಪಾತ್ರೆಯಲ್ಲಿ ಕಡ್ಡಿಗಳು. ನೀರನ್ನು ಬೇರೆಡೆ ಕಾಯಿಸಿ ತಂದು ಸುರಿಯಬೇಕು, ಪಾತ್ರೆಯನ್ನು ಬೆಂಕಿಯ ಮೇಲೆ ಇಡಲೇಬಾರದು ಎಂಬುದು ನಿಯಮ. ನಿಯಮ ಮೀರಿ ಒಲೆಯ ಮೇಲೆ, ಬೂಟಿನೊಳಗೆ, ಅಂಗಿಯೊಳಗೆ ಇಟ್ಟು ಕರಗಿಸಲು ಹೋಗಿ ಗಣಿ ಕಾರ್ಮಿಕರು ಸಾಯುತ್ತಲೇ ಇದ್ದರು. 1875ರಲ್ಲಿ ನೊಬೆಲ್ ಬ್ಲಾಸ್ಟಿಂಗ್ ಜೆಲಟಿನ್ ಎಂಬ ಇನ್ನೂ ಉತ್ತಮ ಸ್ಫೋಟಕ ತಂದರು. ನೀರಿನಲ್ಲೂ ಕೆಡದ ಅದು ಚಳಿಗೆ ಮಾತ್ರ ಗಟ್ಟಿಯಾಗುತ್ತಿತ್ತು.

ಕೊನೆಯ ವರ್ಷಗಳು

ನೊಬೆಲ್ ಮದುವೆಯಾಗಲಿಲ್ಲ. ಒಂದೂರಲ್ಲಿ ನೆಲೆ ನಿಲ್ಲಲಿಲ್ಲ. ಪ್ಯಾರಿಸ್, ಹ್ಯಾಂಬರ್ಗ್, ಆರ್ಡೀರ್, ಕೊನೆಗೆ ಇಟಲಿಯ ಸ್ಯಾನ್ ರೆಮೊ ಹೀಗೆ ತಿರುಗುತ್ತಲೇ ಇದ್ದರು. ಒಟ್ಟು 355 ಪೇಟೆಂಟ್‌ಗಳು ಅವರ ಹೆಸರಲ್ಲಿದ್ದವು. 20ಕ್ಕೂ ಹೆಚ್ಚು ದೇಶಗಳಲ್ಲಿ ಕಾರ್ಖಾನೆ, ಪ್ರಯೋಗಾಲಯಗಳಿದ್ದವು. ನೈಟ್ರೊಗ್ಲಿಸರಿನ್ ಮುಟ್ಟಿದರೂ, ಅದರ ಆವಿ ಕುಡಿದರೂ ರಕ್ತನಾಳಗಳು ಹಿಗ್ಗಿ ವಿಪರೀತ ತಲೆನೋವು ಬರುತ್ತದೆ. ಕಾರ್ಖಾನೆಯ ಕೆಲಸಗಾರರನ್ನು ಕಾಡುತ್ತಿದ್ದ ಆ ತಲೆನೋವು ಒಡೆಯರನ್ನೂ ಬಿಟ್ಟಿರಲಿಲ್ಲ. ಹೃದಯದ ನೋವಿಗೆ ವೈದ್ಯರು ಕೊನೆಗೆ ಸೂಚಿಸಿದ ಔಷಧವೂ ನೈಟ್ರೊಗ್ಲಿಸರಿನ್ನೇ!

1895ರ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ಅವರು ಉಯಿಲಿಗೆ ಸಹಿ ಹಾಕಿದರು. ಆಸ್ತಿಯ ಬಹುಪಾಲು, ಮನುಕುಲಕ್ಕೆ ಅತಿ ಹೆಚ್ಚು ಒಳಿತು ಮಾಡಿದವರಿಗೆ ಪ್ರತಿವರ್ಷ ಕೊಡುವ ಬಹುಮಾನಗಳಿಗೆ ಮೀಸಲಾಯಿತು. 1896ರ ಡಿಸೆಂಬರ್ 10ರಂದು ಸ್ಯಾನ್ ರೆಮೊದಲ್ಲಿ ಅವರು ತೀರಿಕೊಂಡರು. ಮೊದಲ ಪ್ರಶಸ್ತಿಗಳನ್ನು ಕೊಟ್ಟಿದ್ದು 1901ರಲ್ಲಿ, ಅದೇ ಡಿಸೆಂಬರ್ 10ರಂದು.

ಚಳಿಯ ಸಮಸ್ಯೆ ನಿಜಕ್ಕೂ ಹತೋಟಿಗೆ ಬಂದದ್ದು ಅವರು ಹೋದ ಮೇಲೆ, 20ನೇ ಶತಮಾನದಲ್ಲಿ. ಎಥಿಲೀನ್ ಗ್ಲೈಕಾಲ್ ಡೈನೈಟ್ರೇಟ್ ಎಂಬ ಇನ್ನೊಂದು ದ್ರವ ಮೈನಸ್ 20 ಡಿಗ್ರಿಯ ಆಚೆಗೆ ಹೋದರಷ್ಟೇ ಗಟ್ಟಿಯಾಗುತ್ತದೆ. ಅದನ್ನು ಬೆರೆಸಿದ ಮೇಲೆ ಡೈನಮೈಟ್ ಸಾಮಾನ್ಯ ಚಳಿಗೆ ಹೆಪ್ಪುಗಟ್ಟಲಿಲ್ಲ. ಆದರೆ ಆ ದ್ರವ ನೈಟ್ರೊಗ್ಲಿಸರಿನ್‌ಗಿಂತ ಬೇಗ ಆವಿಯಾಗುತ್ತದೆ. ಹಾಗಾಗಿ ಕೆಲಸಗಾರರ ತಲೆನೋವು ಹೆಚ್ಚಾಯಿತು, ಕೆಲವರ ಹೃದಯಕ್ಕೂ ತೊಂದರೆಯಾಯಿತು. ಒಂದು ಅಪಾಯವನ್ನು ಬಾಗಿಲಿನಿಂದ ಹೊರಗೆ ಕಳಿಸಿದರೆ ಇನ್ನೊಂದು ಕಿಟಕಿಯಿಂದ ಒಳಗೆ ಬರುತ್ತದೆ.

ಇಂದಿನ ಟ್ಯಾಂಕರ್‌ನಲ್ಲೂ ಅದೇ 13

ಇದೆಲ್ಲ ಹಳೆಯ ಕಥೆ ಅನ್ನಿಸಬಹುದು. ಬಣ್ಣ, ಅಂಟು, ಮಕ್ಕಳ ಡೈಪರ್ ತಯಾರಿಕೆಗೆ ಬೇಕಾದ ಅಕ್ರಿಲಿಕ್ ಆಮ್ಲವನ್ನೇ ನೋಡಿ. ಅದು ಹೆಪ್ಪುಗಟ್ಟುವುದೂ ಸುಮಾರು 13 ಡಿಗ್ರಿಗೇ. ಕರಾವಳಿಯ ಸೆಖೆಯಲ್ಲಿ ಹೊರಟ ಟ್ಯಾಂಕರ್ ಉತ್ತರ ಭಾರತದ ಜನವರಿಗೆ ತಲುಪುವಾಗ ಒಳಗಿನದ್ದು ಗಟ್ಟಿಯಾಗಬಹುದು. ಈ ಆಮ್ಲದ ಅಣುಗಳು ತಾವಾಗಿಯೇ ಸರಪಳಿ ಕಟ್ಟಿಕೊಂಡು ಶಾಖ ಉಗುಳದಂತೆ ತಡೆಯಲು ಅದಕ್ಕೆ ತಡೆಕಾರಕವೊಂದನ್ನು ಬೆರೆಸಿರುತ್ತಾರೆ. ಹೆಪ್ಪುಗಟ್ಟುವಾಗ ಹರಳುಗಳಲ್ಲಿ ಬಹುತೇಕ ಶುದ್ಧ ಆಮ್ಲವೇ ಸೇರುತ್ತದೆ, ತಡೆಕಾರಕ ಉಳಿದ ದ್ರವದಲ್ಲಿ ನಿಲ್ಲುತ್ತದೆ. ಅವಸರದಲ್ಲಿ ಉಗಿ ಬಿಟ್ಟು ಕರಗಿಸಿದರೆ ಕಾವಲುಗಾರನಿಲ್ಲದ ಬಿಸಿ ಆಮ್ಲ ಸಿಗುತ್ತದೆ. ಅಲ್ಲಿಂದ ಸ್ಫೋಟಕ್ಕೆ ದೂರವಿಲ್ಲ. ಅದಕ್ಕೇ ಅದನ್ನು 15ರಿಂದ 25 ಡಿಗ್ರಿಯ ನಡುವೆ ಇಡಬೇಕು, ಗಟ್ಟಿಯಾದರೆ ಬೆಚ್ಚಗಿನ ನೀರಿನ ಸುತ್ತುವರಿತದಲ್ಲಿ ನಿಧಾನವಾಗಿ ಕರಗಿಸಿ ಕಲಕಬೇಕು, ಅರ್ಧ ಕರಗಿದ್ದಾಗ ಒಂದು ಲೋಟವನ್ನೂ ಹೊರಗೆ ತೆಗೆಯಬಾರದು. ಡೈನಮೈಟ್ ಕರಗಿಸುವ ಎರಡು ಗೋಡೆಯ ಪಾತ್ರೆಗೂ ಈ ನಿಯಮಕ್ಕೂ ನೂರು ವರ್ಷಕ್ಕೂ ಮಿಕ್ಕ ಅಂತರವಿದೆ. ಪಾಠ ಒಂದೇ.

ನಮ್ಮ ತರಗತಿಯಲ್ಲಿ ಹಲವರು ಈಗಾಗಲೇ ಕೋಡಿಂಗ್ ಕಲಿಯುತ್ತಿದ್ದಾರೆ. ಕೋರ್ ಕಂಪನಿಗಳಲ್ಲಿ ಕೆಲಸ ಕಡಿಮೆ, ಸಂಬಳವೂ ಕಡಿಮೆ ಎಂಬ ಮಾತು ಹಾಸ್ಟೆಲ್‌ನಲ್ಲಿ ದಿನವೂ ನಡೆಯುತ್ತದೆ. ಪ್ಲೇಸ್‌ಮೆಂಟ್ ಹತ್ತಿರವಾದಂತೆ ನನಗೂ ಆ ಗೊಂದಲವಿದೆ, ಮನೆಯಲ್ಲಿ ಶಿಕ್ಷಣ ಸಾಲದ ಲೆಕ್ಕವೂ ಇದೆ. ಆದರೆ ಗೋದಾಮು, ಟ್ಯಾಂಕರ್, ಲೇಬಲ್ ಇವೆಲ್ಲ ಸಣ್ಣ ಕೆಲಸ ಎಂಬ ಮಾತನ್ನು ನಾನು ಇನ್ನು ಒಪ್ಪಲಾರೆ. ಅಷ್ಟು ದೊಡ್ಡ ಮೇಧಾವಿಯ ಇಡೀ ಬದುಕನ್ನು ತೆಗೆದುಕೊಂಡ ಪ್ರಶ್ನೆ ಇದೇ ಅಲ್ಲವೇ?

ಗೆಳೆಯರೇ, ನಾಳೆ ನಮ್ಮಲ್ಲಿ ಯಾರಾದರೂ ಕಾರ್ಖಾನೆಯಲ್ಲೋ ಬಂದರಿನಲ್ಲೋ ಔಷಧ ಕಂಪನಿಯ ಗೋದಾಮಿನಲ್ಲೋ ಕೆಲಸಕ್ಕೆ ಸೇರಬಹುದು. ಒಂದು ವಸ್ತು ಲ್ಯಾಬ್‌ನಲ್ಲಿ ಹೇಗಿರುತ್ತದೆ ಎಂದು ತಿಳಿದರೆ ಸಾಲದು. ಮಧ್ಯರಾತ್ರಿಯ ಚಳಿಯಲ್ಲಿ, ಸೋರುವ ಡಬ್ಬಿಯಲ್ಲಿ, ಅದು ಏನೆಂದೇ ತಿಳಿಯದೆ ಹೊರುವ ಹಮಾಲಿಯ ಕೈಯಲ್ಲಿ ಅದು ಹೇಗಿರುತ್ತದೆ ಎಂದೂ ಕೇಳಬೇಕು. ಆ ಹಮಾಲಿಗೆ ಅರ್ಥವಾಗುವ ಭಾಷೆಯಲ್ಲಿ, ಅಂದರೆ ನಮ್ಮಲ್ಲಾದರೆ ಕನ್ನಡದಲ್ಲೂ, ಪೀಪಾಯಿಯ ಮೇಲೆ ಎರಡು ಸಾಲು ಎಚ್ಚರಿಕೆ ಬರೆಸುವುದು ಎಂಜಿನಿಯರ್‌ನ ಕೆಲಸವೇ. ಆ ಎರಡು ಸಾಲಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ. ಆದರೆ ಯಾರದೋ ಮನೆಯ ಇಪ್ಪತ್ತರ ಹುಡುಗ ಸಂಜೆ ಮನೆಗೆ ಮರಳುತ್ತಾನೆ.